ಕಲಬುರಗಿಯಲ್ಲಿ ಮೋನೆ, ಅಷ್ಟೂರಿನಲ್ಲಿ ಬಂಗಾರ

ಮೊದಲ ದಿನ: ಕಲಬುರಗಿ

ಧಾರವಾಡದಿಂದ ರಾತ್ರಿ ಬಸ್ಸಿಗೆ ಹೊರಟ ನಾವು ಮೂವರು ಬೆಳಕು ಹರಿಯುವ ಮೊದಲೇ ಕಲಬುರಗಿಯಲ್ಲಿ ಇಳಿದೆವು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರು ಡಿಸೆಂಬರ್ ಕೊನೆಯಲ್ಲಿ ಎಷ್ಟು ಹಿತವಾಗಿರುತ್ತದೆ ಎಂಬುದನ್ನು ಬಂದು ನೋಡಿಯೇ ತಿಳಿಯಬೇಕು. ನಿಲ್ದಾಣದ ಹೊರಗೆ ಚಹಾ ಕುಡಿದು, ಸುಸಲಾ (ಮಂಡಕ್ಕಿ ಒಗ್ಗರಣೆ) ಜೊತೆ ಬಿಸಿ ಮಿರ್ಚಿ ಭಜಿ ತಿಂದು ಮುಗಿಸುವ ಹೊತ್ತಿಗೆ ಇಲ್ಲಿಯ ಗೆಳೆಯ ಬಂದು ಕರೆದೊಯ್ದ. ನಮ್ಮನ್ನು ಕರೆಸಿಕೊಂಡವನೂ ಅವನೇ. ‘ನಮ್ಮೂರಿನ ಕಾಲೇಜೊಂದರ ಸಭಾಂಗಣದಲ್ಲಿ ಇಂಪ್ರೆಷನಿಸ್ಟ್ ಚಿತ್ರಗಳ ಪ್ರದರ್ಶನ ನಡೆಯುತ್ತಿದೆ, ಮರುದಿನವೇ ಎಳ್ಳಮಾವಾಸ್ಯೆ, ಎರಡಕ್ಕೂ ಸೇರಿಸಿ ಬನ್ನಿ’ ಎಂದು ಫೋನ್ ಮಾಡಿದ್ದ. ಇಂಪ್ರೆಷನಿಸ್ಟರೆಂದರೆ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ, ವಿವರಕ್ಕಿಂತ ಆ ಕ್ಷಣದ ಬೆಳಕು, ಬಣ್ಣಗಳನ್ನು ಹಿಡಿಯಲು ಹೊರಟ ಚಿತ್ರಕಾರರು. ನಮ್ಮ ಗುಂಪಿನಲ್ಲಿ ಹೈಸ್ಕೂಲಿನ ಚಿತ್ರಕಲಾ ಮಾಸ್ತರರೊಬ್ಬರಿದ್ದರು. ಅವರು ಆ ಮಾತು ಕೇಳಿದ ದಿನವೇ ರಜೆ ಅರ್ಜಿ ಬರೆದುಕೊಟ್ಟಿದ್ದರು. ಇನ್ನೊಬ್ಬಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ.

ಪ್ರದರ್ಶನದಲ್ಲಿ ಇದ್ದದ್ದು ಮೂಲಚಿತ್ರಗಳಲ್ಲ, ಮೂಲದ ಅಳತೆಯಲ್ಲೇ ಕ್ಯಾನ್ವಾಸಿನ ಮೇಲೆ ತೆಗೆದ ಮುದ್ರಣಗಳು. ಮುದ್ರಣ ನೋಡಲು ರಾತ್ರಿಯಿಡೀ ಪ್ರಯಾಣ ಮಾಡಬೇಕೇ ಎಂದು ಕೇಳಿದವರಿದ್ದಾರೆ. ಮಾಡಬೇಕು ಎಂದೇ ನನ್ನ ಉತ್ತರ. ಪ್ಯಾರಿಸ್ಸಿಗೂ ಷಿಕಾಗೋಗೂ ಹೋಗಲಾಗದ ನಮ್ಮಂಥವರಿಗೆ ಪುಸ್ತಕದ ಪುಟ ಎಂದೂ ಹೇಳದ ಸಂಗತಿಯೊಂದನ್ನು ಈ ಮುದ್ರಣಗಳು ಹೇಳುತ್ತವೆ. ಅದು ಅಳತೆ. ಇಂಪ್ರೆಷನಿಸಂ ಎಂಬ ಇಡೀ ಪಂಥಕ್ಕೆ ಹೆಸರು ಕೊಟ್ಟ, ಫ್ರೆಂಚ್ ಚಿತ್ರಕಾರ ಕ್ಲಾಡ್ ಮೋನೆಯ ‘ಇಂಪ್ರೆಷನ್, ಸೂರ್ಯೋದಯ’ ಕೇವಲ 48 ಸೆಂಟಿಮೀಟರ್ ಎತ್ತರ, 63 ಸೆಂಟಿಮೀಟರ್ ಅಗಲದ ಚಿತ್ರ. ಕಂಕುಳಲ್ಲಿ ಇಟ್ಟುಕೊಂಡು ನಡೆಯಬಹುದು. ಗುಸ್ತಾವ್ ಕೈಬೋತ್ 1877ರಲ್ಲಿ ಬರೆದ ಪ್ಯಾರಿಸ್ಸಿನ ಮಳೆಯ ಬೀದಿ ಎರಡು ಮೀಟರಿಗೂ ಎತ್ತರ, ಎರಡೂಮುಕ್ಕಾಲು ಮೀಟರ್ ಅಗಲ. ಪುಸ್ತಕದಲ್ಲಿ ಎರಡೂ ಅಂಗೈಯಗಲವೇ. ಇಲ್ಲಿ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ತೂಗುಹಾಕಿದ್ದರು. ಮಾಸ್ತರರು ಮಳೆಯ ಬೀದಿಯ ಎದುರು ನಿಂತು ತಮ್ಮ ಎತ್ತರಕ್ಕೂ ಕೊಡೆ ಹಿಡಿದ ಆ ಗಂಡಸಿನ ಎತ್ತರಕ್ಕೂ ಕೈಯಿಂದ ಅಳತೆ ಹಾಕಿ ನೋಡಿದರು. ನಿಜವಾದ ಆಳೆತ್ತರವೇ ಇತ್ತು.

ಆದರೆ ನಿಂತು ನೋಡಲು ಜಾಗ ಬೇಕಲ್ಲ! ನಾವು ಒಳಗೆ ಕಾಲಿಡುವ ಹೊತ್ತಿಗೆ ಮೂರು ಶಾಲೆಗಳ ಮಕ್ಕಳು ಸಾಲುಗಟ್ಟಿ ಬಂದಿದ್ದರು. ಅವರ ಹಿಂದೆ ಬುರ್ಖಾ ತೊಟ್ಟ ಕಾಲೇಜು ಹುಡುಗಿಯರು, ಹಬ್ಬದ ಸಂತೆಗೆಂದು ಪೇಟೆಗೆ ಬಂದು ಹಾಗೆಯೇ ಇತ್ತ ಹೊರಳಿದ ಹಳ್ಳಿಯವರು, ಕೈಗೂಸು ಎತ್ತಿಕೊಂಡ ತಾಯಂದಿರು. ಇಷ್ಟು ಜನ ಯಾಕೆ ಬಂದರು ಎಂಬುದಕ್ಕೆ ಗೆಳೆಯ ಕೊಟ್ಟ ಕಾರಣ ನನಗೆ ಸರಿಯೆನ್ನಿಸಿತು. ಇದು ಎಸ್.ಎಂ. ಪಂಡಿತರ ಊರು. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ಕ್ಯಾಲೆಂಡರಿನ ದೇವರುಗಳನ್ನೂ ಬರೆದು ಹೆಸರಾದವರು ಅವರು. ಇಲ್ಲಿಯ ರಂಗಮಂದಿರಕ್ಕೆ ಅವರದೇ ಹೆಸರಿದೆ. ನಮ್ಮ ಗೆಳೆಯನ ಮನೆಯ ದೇವರ ಕೋಣೆಯಲ್ಲಿ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಪಂಡಿತರ ಚಿತ್ರವೊಂದು ಇವತ್ತಿಗೂ ಇದೆ, ಅದಕ್ಕೆ ದಿನಾ ಹೂವು ಏರುತ್ತದೆ. ಚಿತ್ರ ನೋಡುವುದು ಈ ಊರಿಗೆ ಹೊಸದಲ್ಲ.

ಚಿತ್ರಗಳ ಕೆಳಗಿನ ವಿವರಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕಲಬುರಗಿಯಲ್ಲಿ ಇಂಥ ಪ್ರದರ್ಶನ ಮಾಡುವವರು ಕನ್ನಡದಲ್ಲಿ ಎರಡು ಸಾಲು ಬರೆಸಲೇಬೇಕು, ಉರ್ದುವಿನಲ್ಲೂ ಬರೆಸಿದರೆ ಇನ್ನೂ ಒಳ್ಳೆಯದು. ಆ ಕೊರತೆ ತುಂಬಿದವಳು ಸ್ವಯಂಸೇವಕಿಯಾಗಿದ್ದ ಒಬ್ಬ ವಿದ್ಯಾರ್ಥಿನಿ. ಕನ್ನಡ, ದಖನಿ ಉರ್ದು ಎರಡರಲ್ಲೂ ಸರಾಗವಾಗಿ ಹೇಳುತ್ತಿದ್ದಳು. ಅವಳು 1874ರ ಕಥೆ ಶುರುಮಾಡಿದಾಗ ಮಕ್ಕಳ ಗದ್ದಲವೂ ತಗ್ಗಿತು. ಪ್ಯಾರಿಸ್ಸಿನ ಸರ್ಕಾರಿ ಪ್ರದರ್ಶನದ ಆಯ್ಕೆ ಸಮಿತಿಯವರು ವರ್ಷ ವರ್ಷವೂ ತಿರಸ್ಕರಿಸಿದ ಮೇಲೆ ಮೋನೆ, ರೆನ್ವಾ, ದೆಗಾ, ಪಿಸಾರೋ, ಬೆರ್ತ್ ಮೊರಿಸೊ ಮೊದಲಾದ 30ರಷ್ಟು ಕಲಾವಿದರು ತಾವೇ ಸಂಘ ಕಟ್ಟಿಕೊಂಡರು. ನಾದಾರ್ ಎಂಬ ಫೋಟೋಗ್ರಾಫರ್ ಖಾಲಿ ಮಾಡಿದ ಸ್ಟುಡಿಯೋ ಹಿಡಿದು ಏಪ್ರಿಲ್ 15ರಂದು ಬಾಗಿಲು ತೆರೆದರು. ಟಿಕೆಟ್ಟಿಗೆ ಒಂದು ಫ್ರಾಂಕ್. ಹಗಲು ಕೆಲಸಕ್ಕೆ ಹೋಗುವವರೂ ಬರಲಿ ಎಂದು ರಾತ್ರಿ 8ರಿಂದ 10ರವರೆಗೂ ಗ್ಯಾಸ್ ದೀಪ ಹಚ್ಚಿ ತೋರಿಸಿದರು. ಒಂದು ತಿಂಗಳಲ್ಲಿ ಬಂದದ್ದು 3,500ರಷ್ಟು ಮಂದಿ, ಅವರಲ್ಲಿ ನಗಲಿಕ್ಕೆಂದೇ ಬಂದವರು ಬಹಳ.

‘ಈ ಚಿತ್ರಕ್ಕೂ ಆಗ ನಕ್ಕರು’ ಎಂದು ಅವಳು ತೋರಿಸಿದ್ದು ಮೋನೆಯ ‘ಬುಲೆವಾರ್ ದೆ ಕಾಪುಸಿನ್’. ಮಹಡಿಯ ಮೇಲಿಂದ ಕಂಡ ಚಳಿಗಾಲದ ಪ್ಯಾರಿಸ್ ರಸ್ತೆ. ಕೆಳಗೆ ಓಡಾಡುವ ಜನರೆಲ್ಲ ಕುಂಚದ ಒಂದೊಂದೇ ಕಪ್ಪು ಗೀರು. ಮುಖವಿಲ್ಲ, ಕೈಕಾಲಿಲ್ಲ. ಲೂಯಿ ಲೆರುವಾ ಎಂಬ ವಿಮರ್ಶಕ ತನ್ನ ವಿಡಂಬನೆಯಲ್ಲಿ ಒಬ್ಬ ಹಳೆಯ ಕಾಲದ ಚಿತ್ರಕಾರನ ಬಾಯಿಂದ, ಆ ಬೀದಿಯಲ್ಲಿ ನಡೆಯುವಾಗ ನಾನೂ ಹೀಗೇ ಕಾಣುತ್ತೇನೆಯೇ ಎಂದು ಸಿಟ್ಟಿನಿಂದ ಕೇಳಿಸಿದ. ಹಿಂದಿನವರು ತಳ್ಳುತ್ತಿದ್ದುದರಿಂದ ನನ್ನ ಮೂಗು ಆ ಕ್ಯಾನ್ವಾಸಿಗೆ ಒಂದು ಗೇಣಿನಷ್ಟು ಹತ್ತಿರವಿತ್ತು. ಅಷ್ಟು ಹತ್ತಿರದಿಂದ ಕಂಡದ್ದು ಬರೀ ಗೀರುಗಳು, ನಡುವೆ ನಾಲ್ಕಾರು ಗುಲಾಬಿ ಚುಕ್ಕಿಗಳು. ಜನರ ಅಲೆ ನನ್ನನ್ನು ಹತ್ತು ಹೆಜ್ಜೆ ಹಿಂದಕ್ಕೆ ಒಯ್ದಾಗ ಆ ಗೀರುಗಳು ನಡೆಯತೊಡಗಿದವು, ಗುಲಾಬಿ ಚುಕ್ಕಿಗಳು ಬಲೂನುಗಳಾದವು. ಯಾರೂ ಇಲ್ಲದ ಕೋಣೆಯಲ್ಲಿ ನಾನು ಒಂದೇ ಕಡೆ ನಿಂತು ನೋಡಿ ಬಂದುಬಿಡುತ್ತಿದ್ದೆನೋ ಏನೋ. ಮುಂದೆ ತಳ್ಳಿ, ಹಿಂದೆ ಎಳೆದು ಆ ಚಿತ್ರವನ್ನು ಪೂರ್ತಿಯಾಗಿ ತೋರಿಸಿದ್ದು ಆ ಜಂಗುಳಿ.

ಬಣವೆಗಳ ಎದುರು ರುಮಾಲು ಸುತ್ತಿದ ಒಬ್ಬ ಮುತ್ಯಾ ಬಹಳ ಹೊತ್ತಿನಿಂದ ನಿಂತಿದ್ದರು. 1890-91ರಲ್ಲಿ ಮೋನೆ ತನ್ನ ಮನೆಯ ಹತ್ತಿರದ ಹೊಲದಲ್ಲಿ ಗೋಧಿ ಬಣವೆಗಳನ್ನು ಹಿಮದಲ್ಲಿ, ಮಂಜಿನಲ್ಲಿ, ಇಳಿಬಿಸಿಲಿನಲ್ಲಿ ಮತ್ತೆ ಮತ್ತೆ ಬರೆದ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ತೂಗುಹಾಕಿದ್ದರು. ಮುತ್ಯಾ ಒಂದೊಂದನ್ನೇ ಬೆರಳು ಮಾಡಿ ತೋರಿಸಿದರು. ‘ಇದು ಮುಂಜಾನೆ, ಇಬ್ಬನಿ ಇನ್ನೂ ಆರಿಲ್ಲ. ಇದು ದನ ಮನೆಗೆ ಬರುವ ಹೊತ್ತು.’ ಕೆಳಗಿನ ಇಂಗ್ಲಿಷ್ ಹೆಸರುಗಳನ್ನು ಓದಿ ನೋಡಿದರೆ ಎರಡೂ ಸರಿಯಾಗಿದ್ದವು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ಮಾಸ್ತರರೂ ಉತ್ತರ ಹುಡುಕಬೇಕಾಯಿತು: ‘ಒಟ್ಟಿದ್ದು ಚೆನ್ನಾಗಿದೆ ತಮ್ಮಾ, ತಲೆಯ ಹೊದಿಕೆಯೂ ಗಟ್ಟಿಯಿದೆ. ಆದರೆ ತೆನೆ ಒಳಗೇ ಇದೆಯಲ್ಲ, ರಾಶಿ ಯಾವಾಗ ಮಾಡುತ್ತಾರೆ?’ ಅಲ್ಲಿಯ ರೈತರು ತೆನೆ ಬಿಡಿಸುವ ಯಂತ್ರದ ಸರದಿ ಬರುವವರೆಗೂ ಹೀಗೆ ಹೊದಿಸಿ ಕಾಯುತ್ತಿದ್ದರು ಎಂದು ಮಾಸ್ತರರು ಹೇಳಿದ ಮೇಲೆ ಮುತ್ಯಾ ತೃಪ್ತರಾದರು.

ಅಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಲೆಯಲ್ಲಿ ಮಕ್ಕಳು ಒಟ್ಟಿಗೆ ಕೂಗಿದರು, ನೂಕಾಟವಾಯಿತು, ಗೆಳತಿಯ ಕನ್ನಡಕ ಕೆಳಗೆ ಬಿದ್ದು ಒಂದು ಗಾಜು ಸೀಳಿಹೋಯಿತು. ಯಾರೋ ಬುದ್ಧಿವಂತರು ಪರದೆ ಸರಿಸಿ ಕಿಟಕಿಗಳನ್ನು ತೆರೆದರು. ಟ್ಯೂಬ್‌ಲೈಟಿನ ಕೆಳಗೆ ಬೆಳಗಿನಿಂದ ಮಂಕಾಗಿದ್ದ ಗೋಡೆಗೆ ಹಗಲಿನ ಬೆಳಕು ಬಿತ್ತು. ಹಿಮದ ಚಿತ್ರದ ನೆರಳುಗಳು ನೀಲಿಯೆಂದು ಅಲ್ಲಿಯವರೆಗೆ ನನಗೆ ಕಂಡಿರಲೇ ಇಲ್ಲ. ಕನ್ನಡಕವಿಲ್ಲದ ಗೆಳತಿಯಂತೂ ಮೋನೆಯ ನೀರಿನ ಚಿತ್ರಗಳು ತನಗೆ ಹೀಗೇ ಚೆಂದ ಕಾಣುತ್ತಿವೆ ಎಂದಳು. ಆಗ ಆ ವಿದ್ಯಾರ್ಥಿನಿ ಮೋನೆಯ ಕಣ್ಣಿನ ಕಥೆ ಹೇಳಿದಳು. 1912ರಲ್ಲಿ ವೈದ್ಯರು ಪೊರೆಯೆಂದು ಹೇಳಿದರೂ ಶಸ್ತ್ರಚಿಕಿತ್ಸೆಗೆ ಅವನು ಒಪ್ಪಿದ್ದು 1923ರಲ್ಲಿ. ಆ ನಡುವಿನ ಚಿತ್ರಗಳಲ್ಲಿ ಕೆಂಪು, ಕಂದು ಬಣ್ಣಗಳು ಏರಿರುವುದಕ್ಕೆ ಪೊರೆಯೂ ಒಂದು ಕಾರಣ. ಬಣ್ಣ ತಪ್ಪೀತೆಂದು ಟ್ಯೂಬುಗಳ ಮೇಲಿನ ಹೆಸರು ನೋಡಿಕೊಂಡು ಕೆಲಸ ಮಾಡಿದ, ಆದರೆ ಕೆಲಸ ಬಿಡಲಿಲ್ಲ.

ಮಧ್ಯಾಹ್ನ ಒಂದೂವರೆಯ ಮೇಲೆ ಶಾಲೆಯ ಮಕ್ಕಳು ಊಟಕ್ಕೆ ಹೊರಟಾಗ ಸಭಾಂಗಣ ಅರ್ಧ ಖಾಲಿಯಾಯಿತು. ಎರಡು ಸುತ್ತು ನೋಡುವ ಮನಸ್ಸಿದ್ದವರು ಆ ಹೊತ್ತು ಕಾದಿಟ್ಟುಕೊಳ್ಳಬೇಕು. ಸಂಜೆ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆ ಹೋಗಿ ಕನ್ನಡಕಕ್ಕೆ ಹೊಸ ಗಾಜು ಹಾಕಿಸಿದೆವು. ಅಂಗಡಿ ಮೊದಲ ಮಹಡಿಯಲ್ಲಿತ್ತು. ಗಾಜು ತಯಾರಾಗುವವರೆಗೆ ಕಿಟಕಿಯ ಹತ್ತಿರ ಕುಳಿತೆವು. ಕೆಳಗೆ ಹಬ್ಬದ ವ್ಯಾಪಾರ ಜೋರಾಗಿತ್ತು. ಹಸಿ ಕಡಲೆ ಗಿಡದ ಕಟ್ಟುಗಳು, ತೊಗರಿಕಾಯಿ, ಗಜ್ಜರಿ, ಮೆಂತ್ಯದ ಸೊಪ್ಪು, ಅವುಗಳ ನಡುವೆ ದಾರಿ ಮಾಡಿಕೊಳ್ಳುವ ಆಟೋಗಳು. ‘ಇದನ್ನು ಬರೆಯಲು ಎಷ್ಟು ಗೀರು ಬೇಕು ಮಾಸ್ತರರೇ?’ ಎಂದು ಗೆಳೆಯ ಕೇಳಿದ. ಮಾಸ್ತರರು ಆಗಲೇ ಜೇಬಿನ ಪುಸ್ತಕ ತೆಗೆದಿದ್ದರು.

ಎರಡನೆಯ ದಿನ: ಬೀದರಿನ ದಾರಿ

ಕಾರು ಮಾಡಿಕೊಂಡು ಬೀದರಿಗೆ ಹೊರಟೆವು. ಕಲಬುರಗಿ-ಬೀದರ್ ನಡುವೆ 2017ರಿಂದ ರೈಲೂ ಓಡುತ್ತಿದೆ. ಆದರೆ ಎಳ್ಳಮಾವಾಸ್ಯೆಯ ದಿನ ಈ ಭಾಗದಲ್ಲಿ ರಸ್ತೆಯಲ್ಲೇ ಹೋಗಬೇಕು. ಊರಿಗೆ ಊರೇ ಹೊಲದಲ್ಲಿರುತ್ತದೆ. ಕಪ್ಪು ಮಣ್ಣಿನ ಬಯಲಿನಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು, ಕಡಲೆ ಕಾಯಿ ಕಟ್ಟಿತ್ತು, ಕೆಲವು ಕಡೆ ತೊಗರಿ ಕೊಯ್ದು ಗುಡ್ಡೆ ಹಾಕಿದ್ದರು. ಬುಟ್ಟಿ ಹೊತ್ತ ಹೆಂಗಸರು ಬದುವಿನ ಮೇಲೆ ಸಾಲಾಗಿ ಹೋಗುತ್ತಿದ್ದರು. ಬಹಳ ಅಂಗಡಿಗಳು ಮುಚ್ಚಿದ್ದವು. ಈ ದಿನ ದಾರಿಯಲ್ಲಿ ಹೋಟೆಲ್ ಸಿಗುತ್ತದೆಂದು ನೆಚ್ಚಬಾರದು, ನೆಚ್ಚಬೇಕಾದ ಅಗತ್ಯವೂ ಇಲ್ಲ.

ಕಮಲಾಪುರದ ಹತ್ತಿರ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಹುಡುಗನ ಬಳಿ ಗಾಡಿ ನಿಲ್ಲಿಸಿದೆವು. ಸಿಪ್ಪೆ ಕಡುಗೆಂಪು, ಒಳಗೆ ತಿಳಿಹಳದಿ ತಿರುಳು. ಒಂದು ತಿಂದರೆ ಅರ್ಧ ಹೊಟ್ಟೆ ತುಂಬುತ್ತದೆ. ಹಣ್ಣು ಸುಲಿಯುತ್ತ ನಿಂತಿದ್ದಾಗ ಪಕ್ಕದ ಹೊಲದಿಂದ ಒಬ್ಬ ಕಾಕಾ ಕೈಬೀಸಿ ಕರೆದರು. ‘ಊಟದ ಹೊತ್ತಿಗೆ ಹೊಲದ ಮುಂದೆ ನಿಂತು ಹಾಗೇ ಹೋಗುವುದುಂಟೇ? ಬನ್ನಿ.’ ಬೇಡವೆನ್ನಲು ನಮಗೆ ಬಾಯಿಯೇ ಬರಲಿಲ್ಲ.

ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡಿದ್ದರು, ಭೂತಾಯಿಗೆಂದು ಹೊಲದ ತುಂಬ ಎಡೆ ಎರಚುವ ಚರಗ ಚೆಲ್ಲಿ ಮುಗಿದಿತ್ತು. ಬನ್ನಿಗಿಡದ ನೆರಳಿನಲ್ಲಿ ಕಂಬಳಿ ಹಾಸಿ ಕೂರಿಸಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಮಜ್ಜಿಗೆ ಹಾಕಿದ ಅಂಬಲಿ, ಎಲ್ಲಕ್ಕಿಂತ ಮೇಲಾಗಿ ಭಜ್ಜಿ. ಕರಿಯುವ ಭಜಿಯೇ ಬೇರೆ, ಈ ಭಜ್ಜಿಯೇ ಬೇರೆ. ಹಸಿ ಕಡಲೆ, ತೊಗರಿಕಾಳು, ಅವರೆ, ಬಟಾಣಿ, ಬದನೆ, ಗಜ್ಜರಿ, ಮೆಂತ್ಯ, ಪಾಲಕ, ಹೀಗೆ ಆ ಕಾಲದಲ್ಲಿ ನೆಲ ಕೊಡುವುದೆಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಹುಣಸೆ ರಸ ಬಿಟ್ಟು, ಕಡಲೆ ಹಿಟ್ಟಿನಿಂದ ಗಟ್ಟಿ ಮಾಡುತ್ತಾರೆ. ಕೆಲವು ಮನೆಗಳಲ್ಲಿ ಹಿಂದಿನ ರಾತ್ರಿಯಿಂದಲೇ ಒಲೆಯ ಮೇಲಿರುತ್ತದಂತೆ. ಬಡಿಸುತ್ತಿದ್ದ ಆಯಿ ನಮ್ಮ ತಟ್ಟೆ ಖಾಲಿಯಾಗಲು ಬಿಡಲಿಲ್ಲ. ‘ಧಾರವಾಡದವರಿಗೆ ರೊಟ್ಟಿ ತಿನ್ನಲು ಹೇಳಿಕೊಡಬೇಕೇ, ಹಾಕಿಕೊಳ್ಳಿ’ ಎಂದು ಗದರಿದರು.

ಊಟವಾದ ಮೇಲೆ ಮಾಸ್ತರರು ಬದುವಿನ ಮೇಲೆ ಕುಳಿತು ಜಲವರ್ಣದ ಡಬ್ಬಿ ತೆರೆದರು. ಎದುರಿಗೆ ಹೋದ ವರ್ಷದ ಜೋಳದ ಕಣಿಕೆಯ ಬಣವೆ. ಮನೆಯ ಮಕ್ಕಳೆಲ್ಲ ಸುತ್ತುವರಿದರು. ಟ್ಯೂಬು ಹಿಂಡಿದ ಕೂಡಲೇ ಬಣ್ಣ ಬರುವುದೇ ಅವರಿಗೆ ದೊಡ್ಡ ಆಟ. ಆ ತವರದ ಟ್ಯೂಬು ಅಮೆರಿಕದ ಜಾನ್ ರ‍್ಯಾಂಡ್ ಎಂಬ ಚಿತ್ರಕಾರ 1841ರಲ್ಲಿ ಪೇಟೆಂಟ್ ಪಡೆದ ವಸ್ತು ಎಂದು ಮಾಸ್ತರರು ಪಾಠ ಶುರುಮಾಡಿದರು. ಅದಕ್ಕೂ ಮೊದಲು ಅರೆದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು, ಚುಚ್ಚಿ ತೆಗೆದ ಮೇಲೆ ಬೇಗ ಒಣಗಿಹೋಗುತ್ತಿತ್ತು. ಟ್ಯೂಬು ಬಂದದ್ದರಿಂದ ಚಿತ್ರಕಾರರು ದಿನಪೂರ್ತಿ ಹೊಲದಲ್ಲೂ ನದಿಯ ದಂಡೆಯಲ್ಲೂ ಕುಳಿತು ಕೆಲಸ ಮಾಡುವಂತಾಯಿತು. ‘ಹಂದಿಯದೇ?’ ಎಂದು ಒಬ್ಬ ಹುಡುಗ ಮೂಗು ಮುಚ್ಚಿಕೊಂಡ. ಪಾಠದಲ್ಲಿ ಅವರಿಗೆ ನೆನಪುಳಿದದ್ದು ಅದೊಂದೇ ಇರಬೇಕು.

ಚಿತ್ರ ಮುಗಿಯುವ ಹೊತ್ತಿಗೆ ಗಾಳಿ ಬೀಸಿ ಹಾಳೆ ಹಾರಿತು. ಕಡಲೆ ಹೊಲದಲ್ಲಿ ಮಗುಚಿ ಬಿದ್ದದ್ದನ್ನು ಹುಡುಗರು ಓಡಿ ತಂದರು. ಬಣ್ಣ ಇನ್ನೂ ಹಸಿಯಾಗಿತ್ತು. ಬಣವೆಯ ನೆರಳಿನುದ್ದಕ್ಕೂ ಕಪ್ಪು ಮಣ್ಣಿನ ಸಣ್ಣ ಹರಳುಗಳು ಹತ್ತಿಕೊಂಡಿದ್ದವು, ಮೂಲೆಯಲ್ಲಿ ಕಡಲೆ ಎಲೆಯೊಂದರ ಅಚ್ಚು ಬಿದ್ದಿತ್ತು. ಒರೆಸಲು ಹೋದ ಗೆಳತಿಯ ಕೈಯನ್ನು ಮಾಸ್ತರರು ತಡೆದರು. ಮೋನೆ 1870ರಲ್ಲಿ ತ್ರೂವಿಲ್ ಎಂಬ ಊರಿನ ಸಮುದ್ರ ತೀರದಲ್ಲಿ ಕುಳಿತು ಬರೆದ ಚಿತ್ರವೊಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ಆ ತೀರದ ಮರಳಿನ ಕಣಗಳು ಇವತ್ತಿಗೂ ಇವೆ. ಗಾಳಿ ಬೀಸುವ ಕಡೆ ಕುಳಿತೇ ಬರೆದ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಮಾಸ್ತರರು ಹಾಳೆಯನ್ನು ಹಾಗೆಯೇ ಒಣಗಿಸಿ ಕಾಕಾ ಅವರ ಕೈಗೆ ಕೊಟ್ಟರು. ಕಾಕಾ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ‘ನಮ್ಮ ಮಣ್ಣೂ ಸೇರಿದೆ’ ಎಂದು ಹಿಗ್ಗಿದರು.

ಹುಮನಾಬಾದ್ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತ ಬಂತು. ಬೀದರ್ ಸೇರುವಷ್ಟರಲ್ಲಿ ಕಪ್ಪು ಹೋಗಿ ಜಂಬಿಟ್ಟಿಗೆಯ ಕೆಂಪು. ರಾತ್ರಿಯ ಚಳಿ ಕಲಬುರಗಿಯದಕ್ಕಿಂತ ಬಹಳ ಹೆಚ್ಚು. ಎತ್ತರದ ಊರು, ರಾಜ್ಯದಲ್ಲಿ ಚಳಿ ಹೆಚ್ಚು ಬೀಳುವ ಜಾಗಗಳಲ್ಲೊಂದು. ಬಸ್ ನಿಲ್ದಾಣದ ಬಳಿ ನಾಲ್ವರೂ ಒಂದೊಂದು ಶಾಲು ಕೊಂಡೆವು. ಡಿಸೆಂಬರಿನಲ್ಲಿ ಬರುವವರು ಸ್ವೆಟರ್ ಮರೆಯಬಾರದು.

ಮೂರನೆಯ ದಿನ: ಬೀದರ್, ಅಷ್ಟೂರು

ಬೆಳಿಗ್ಗೆ ಕೋಟೆ. ರಂಗೀನ್ ಮಹಲಿಗೆ ಬೀಗ ಹಾಕಿರುತ್ತದೆ, ಕೋಟೆಯೊಳಗಿನ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ತೆರೆದು ತೋರಿಸುತ್ತಾರೆ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿಗಳನ್ನು ಕೇಳದೆ ಬಂದುಬಿಟ್ಟರೆ ದೊಡ್ಡ ನಷ್ಟ. ಊರೊಳಗೆ ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾದ ಮುಂದೆ ಸ್ವಲ್ಪ ಹೊತ್ತು ನಿಂತೆವು. 1696ರಲ್ಲಿ ಮದ್ದಿನ ಸ್ಫೋಟಕ್ಕೆ ಅರ್ಧ ಮುಂಭಾಗವೇ ಹಾರಿಹೋದರೂ ಉಳಿದ ಮಿನಾರಿನ ಮೇಲೆ ಹಸಿರು, ನೀಲಿ ಹೆಂಚಿನ ತುಣುಕುಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ನನ್ನ ಮನಸ್ಸೆಲ್ಲ ಅಷ್ಟೂರಿನ ಕಡೆಗಿತ್ತು. ಊರಿನಿಂದ ಮೂರು ಕಿಲೋಮೀಟರಷ್ಟು ದೂರದಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿವೆ. ಬಹಮನಿ ಸುಲ್ತಾನ ಹುಮಾಯೂನನ ಗೋರಿಗೆ ಸಿಡಿಲು ಬಡಿದು ಅರ್ಧ ಗುಮ್ಮಟ ಬಿದ್ದುಹೋಗಿದೆ. ನಾವು ಹುಡುಕಿಕೊಂಡು ಹೋದದ್ದು ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದ ಅಹಮದ್ ಷಾ ವಲಿಯ ಗೋರಿಯನ್ನು. ಅವನು ತೀರಿಕೊಂಡದ್ದು 1436ರಲ್ಲಿ. ಮುಸಲ್ಮಾನರಿಗೆ ವಲಿ, ಅಂದರೆ ಸಂತ, ಇಲ್ಲಿಯ ಲಿಂಗಾಯತರಿಗೆ ಅಲ್ಲಮಪ್ರಭು. ಹೋಳಿಯ ಆಸುಪಾಸಿನಲ್ಲಿ ಜಾತ್ರೆ ನಡೆಯುತ್ತದೆ, ಆಳಂದದ ಕಡೆಯ ಮಾಡಿಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಶಂಖ ಊದುತ್ತ ಬಂದು ಪೂಜೆ ಸಲ್ಲಿಸುತ್ತಾರೆ.

ಒಳಗೆ ಕಾಲಿಟ್ಟಾಗ ಏನೂ ಕಾಣಲಿಲ್ಲ. ಕಾವಲುಗಾರ ಕಾಕಾ ‘ಮೊಬೈಲ್ ದೀಪ ಹಾಕಬೇಡಿ, ಸ್ವಲ್ಪ ತಡೆಯಿರಿ’ ಎಂದರು. ಹೊರಗೆ ಹೋಗಿ, ಬಾಗಿಲ ಬಳಿ ಒಂದು ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಕತ್ತಲಲ್ಲಿ ಒಂದು ಬೆಳಕಿನ ತುಂಡು ಗೋಡೆಯ ಮೇಲೆ ಏರತೊಡಗಿತು. ಅದು ಹೋದಲ್ಲೆಲ್ಲ ಕುಂಕುಮಗೆಂಪು, ಅದರ ಮೇಲೆ ಬಂಗಾರದ ಅಕ್ಷರಗಳು, ನೀಲಿ ಹೂವು, ಹಸಿರು ಬಳ್ಳಿ. ಕಾಕಾ ಕೈ ಅಲುಗಿಸಿದಾಗಲೆಲ್ಲ ಬಂಗಾರ ಮಿಂಚಿ ಮರೆಯಾಗುತ್ತಿತ್ತು. ಕನ್ನಡಿ ಗುಮ್ಮಟದ ನೆತ್ತಿಗೆ ಬಂದಾಗ ನಮ್ಮ ಜೊತೆ ಒಳಗಿದ್ದ ಹತ್ತಿಪ್ಪತ್ತು ಜನ, ಅಂದರೆ ಬೀದರಿನದೇ ಒಂದು ದೊಡ್ಡ ಕುಟುಂಬ ಮತ್ತು ಹೈದರಾಬಾದಿನ ವಿದ್ಯಾರ್ಥಿಗಳು, ಎಲ್ಲರೂ ಒಂದೇ ಬಾರಿಗೆ ಕತ್ತೆತ್ತಿದೆವು. ಗೆಳತಿ ಬೇಕೆಂದೇ ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು. ಮಾಸ್ತರರು ನನ್ನ ಭುಜ ಹಿಡಿದು, ‘ನಿನ್ನೆ ಮೊನ್ನೆ ನಾವು ಕಲಿತದ್ದನ್ನು ಈ ಮನುಷ್ಯ ದಿನಾ ಮಾಡುತ್ತಾನೆ’ ಎಂದರು.

ಹೊರಗೆ ಬಂದ ಮೇಲೆ ಕಾಕಾನೊಡನೆ ಬಹಳ ಹೊತ್ತು ಮಾತಾಡಿದೆವು. ಮೋಡ ಕವಿದ ದಿನ ಕನ್ನಡಿ ನಡೆಯುವುದಿಲ್ಲ, ಅಂಥ ದಿನ ಬಂದವರನ್ನು ಬರಿಗೈಲಿ ಕಳಿಸಲು ತಮಗೆ ಬೇಸರವಾಗುತ್ತದೆ ಎಂದರು. ಜಾತ್ರೆಯ ದಿನವಂತೂ ಕನ್ನಡಿ ಹಿಡಿಯಲೂ ಜಾಗವಿರುವುದಿಲ್ಲವಂತೆ. ಆರುನೂರು ವರ್ಷಗಳ ಸನಿಹ ಬಂದ ಈ ಬಣ್ಣಗಳು ಕೆಲವು ಕಡೆ ಉದುರುತ್ತಿವೆ. ಕೈ ಮುಟ್ಟಿಸುವವರು, ಗೋಡೆಗೆ ಒರಗುವವರು, ಫ್ಲ್ಯಾಷ್ ಹೊಡೆಯುವವರು ಇನ್ನೂ ಇದ್ದಾರೆ. ನೋಡಲು ಹೋಗುವವರು ಗೋಡೆಯಿಂದ ಒಂದು ಮಾರು ದೂರ ನಿಂತರೆ ಸಾಕು, ಕನ್ನಡಿಯ ಬೆಳಕಿನಲ್ಲಿ ಎಲ್ಲವೂ ಕಾಣುತ್ತದೆ.

ಸಂಜೆ ಬಸ್ಸಿಗೆ ಮೂರು ಗಂಟೆ ಉಳಿದಿತ್ತು. ಚೌಬಾರಾದ ಕಡೆಯ ಒಂದು ಬಿದರಿ ಕಾರ್ಖಾನೆಗೆ ಹೋದೆವು. ಕಾರ್ಖಾನೆಯೆಂದರೆ ಒಂದೇ ಕೋಣೆ, ನೆಲದ ಮೇಲೆ ಕುಳಿತ ನಾಲ್ವರು ಕುಶಲಕರ್ಮಿಗಳು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಒಬ್ಬರು ಉಳಿಯಿಂದ ಗೆರೆ ಕೊರೆಯುತ್ತಿದ್ದರು, ಇನ್ನೊಬ್ಬರು ಆ ಗೆರೆಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಕೂರಿಸುತ್ತಿದ್ದರು. ಕೊನೆಯ ಹಂತವನ್ನು ಹಿರಿಯರೇ ಮಾಡಿ ತೋರಿಸಿದರು. ಕೋಟೆಯೊಳಗಿನ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಬಿಸಿ ಮಾಡಿದ ಹೂಜಿಯನ್ನು ಅದ್ದಿದರು. ಬೂದುಬಣ್ಣದ ಲೋಹ ನಮ್ಮ ಕಣ್ಣೆದುರೇ ಕಡುಗಪ್ಪಾಯಿತು, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯಿತು. ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಬೇಕು, ನಾಲಿಗೆಗೆ ಇಟ್ಟುಕೊಂಡು ರುಚಿಯಿಂದಲೇ ಗುರುತಿಸುತ್ತೇವೆ ಎಂದರು.

ಮಾಸ್ತರರಿಗೆ ಕುಳಿತಲ್ಲಿಂದ ಏಳುವ ಮನಸ್ಸಾಗಲಿಲ್ಲ. ಮೋನೆ ಮತ್ತು ಅವನ ಸಂಗಡಿಗರು ನೆರಳಿಗೆ ಕಪ್ಪು ಹಾಕುವುದನ್ನು ಬಿಟ್ಟು, ನೀಲಿ, ನೇರಳೆ ಹಚ್ಚಿ ಬೆಳಕು ತಂದರು ಎಂದು ಅವರು ಹಿರಿಯರಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಹಿರಿಯರು ಕನ್ನಡಕ ಏರಿಸಿ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. ಬಹಳ ಚೆನ್ನಾಗಿವೆ, ಆದರೆ ನಮ್ಮ ಬೆಳ್ಳಿಗೆ ಕಪ್ಪೇ ಬೇಕು ಎಂದು ಹೂಜಿಯನ್ನು ಎಣ್ಣೆಬಟ್ಟೆಯಿಂದ ಉಜ್ಜಿ ನಮ್ಮ ಮುಂದಿಟ್ಟರು. ಫೆಬ್ರುವರಿಯಲ್ಲಿ ತಮ್ಮ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆತಂದರೆ ಇದನ್ನೆಲ್ಲ ಮಾಡಿ ತೋರಿಸುವಿರಾ ಎಂದು ಮಾಸ್ತರರು ಕೇಳಿದರು. ‘ಖಂಡಿತ ಕರೆತನ್ನಿ ಮಾಸ್ತರ್ ಸಾಹೇಬರೇ, ಬೆಳಿಗ್ಗೆ ಅಷ್ಟೂರು ಮುಗಿಸಿಕೊಂಡು ಬನ್ನಿ. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ, ನಮಾಜಿಗೆ ಹೋಗಿರುತ್ತೇವೆ’ ಎಂದರು ಹಿರಿಯರು. ಮಾಸ್ತರರು ಅಲ್ಲಿಯೇ ಕುಳಿತು ದಿನಾಂಕ ಗುರುತು ಹಾಕಿಕೊಂಡರು.